ಕೊಡೆಯಣ್ಣನ ನೂರರ ವೇಗ

ಬೆಳಿಗ್ಗೆ ಏಳಕ್ಕೆ ಯಾರೋ ಬಂದು ದೀಪದ ಕಂಬಕ್ಕೆ ಒಂದು ಕಾಗದ ಅಂಟಿಸಿ ಹೋದರು. ಏಳೂ ಹತ್ತಕ್ಕೆ ಹದಿನಾಲ್ಕು ಮನೆಗಳ ಆ ಬೀದಿಯಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಭೂಕಂಪಕ್ಕೂ ಇಷ್ಟು ಬೇಗ ಒಂದು ಬೀದಿಯನ್ನು ಸೀಳಲು ಬರುವುದಿಲ್ಲ. ಮೂರು ಭೂಕಂಪಗಳನ್ನು ಕುರ್ಚಿಯಿಂದ ಏಳದೆ ನೋಡಿದ ನಾನು ಅಳೆದು ತೂಗಿಯೇ ಈ ಮಾತು ಹೇಳುತ್ತಿದ್ದೇನೆ.

ಕಂಬದ ಬುಡದಲ್ಲೇ ಇಸ್ತ್ರಿಯಕ್ಕನ ಮೇಜು. ಯಾರ ಅಂಗಿಯಲ್ಲಿ ಎಷ್ಟು ತೂತು, ಯಾರ ಮನೆಯಲ್ಲಿ ಎಷ್ಟು ಜಗಳ ಎಂಬುದೆಲ್ಲ ಆಕೆಗೆ ಬಾಯಿಪಾಠ. ಕಾಗದವನ್ನು ಮೊದಲು ಓದಿದವಳೂ ಆಕೆಯೇ. ಓದಿದ ಮೇಲೆ ಆಕೆ ಹಾಕಿದ ಕೂಗಿಗೆ ಹದಿನಾಲ್ಕು ಬಾಗಿಲೂ ಒಟ್ಟಿಗೆ ತೆರೆದವು.

ಕಾಗದದಲ್ಲಿ ಇದ್ದದ್ದು ಇಷ್ಟು: "ಮನೆಮನೆಗೆ ವೇಗದ ಇಂಟರ್ನೆಟ್ ಯೋಜನೆ. ಒಂದು ಮನೆಯಲ್ಲಿಯೂ ಇಂಟರ್ನೆಟ್ ಇಲ್ಲದ ಬೀದಿಗಳಿಗೆ ಮಾತ್ರ ಸರ್ಕಾರದ ಖರ್ಚಿನಲ್ಲಿ ಕೇಬಲ್ ಎಳೆಯಲಾಗುವುದು. ಈ ಬೀದಿಯ ಒಂದು ಮನೆಯಲ್ಲಿ ಈಗಾಗಲೇ ಸಂಪರ್ಕ ಇರುವುದು ದಾಖಲೆಯಿಂದ ಕಂಡುಬಂದಿರುವ ಕಾರಣ ಬೀದಿಯನ್ನು ಪಟ್ಟಿಯಿಂದ ಕೈಬಿಡಲು ಉದ್ದೇಶಿಸಲಾಗಿದೆ. ತಪಾಸಣೆ ಅಧಿಕಾರಿಯವರು ಇಂದು ಸಂಜೆ ನಾಲ್ಕು ಗಂಟೆಗೆ ಸ್ಥಳಕ್ಕೆ ಬರುವರು."

"ಒಂದು ಮನೆ" ಎಂಬಲ್ಲಿಗೆ ಬಂದಾಗ ಎಲ್ಲರ ಕಣ್ಣುಗಳೂ ಎಲ್ಲರ ಮೇಲೂ ಓಡಾಡಿದವು. ಎರಡು ವರ್ಷದಿಂದ ಆ ಬೀದಿ ಈ ಕೇಬಲ್ಲಿಗಾಗಿ ಬಾಯಿ ಬಿಟ್ಟುಕೊಂಡು ಕೂತಿತ್ತು. ಅಲ್ಲಿ ಫೋನಿನ ಸಿಗ್ನಲ್ ಎಷ್ಟು ದುರ್ಬಲವೆಂದರೆ, ಒಂದು ಚಿತ್ರ ಕಳಿಸಿದರೆ ಅದು ತಲುಪುವಷ್ಟರಲ್ಲಿ ಚಿತ್ರದಲ್ಲಿದ್ದ ಮಗುವಿಗೆ ಮೀಸೆ ಬಂದಿರುತ್ತಿತ್ತು. ಅಂಥ ಬೀದಿಯಲ್ಲಿ ಯಾರೋ ಒಬ್ಬರು ಕದ್ದುಮುಚ್ಚಿ ಇಂಟರ್ನೆಟ್ ಇಟ್ಟುಕೊಂಡು, ಮೇಲೆ ಎಲ್ಲರ ಜೊತೆ ನಿಂತು ಗೋಳಾಡುತ್ತಲೂ ಇದ್ದಾರೆ.

"ನಿನ್ನೆ ಮಧ್ಯಾಹ್ನ ಬಟ್ಟೆ ಒಣಹಾಕ್ಬೇಡಿ, ಮಳೆ ಬರುತ್ತೆ ಅಂದಿದ್ರಿ ನೀವು," ಎಂದು ಇಸ್ತ್ರಿಯಕ್ಕ ನಿವೃತ್ತ ಹೆಡ್‌ಮಾಸ್ಟರರ ಕಡೆ ತಿರುಗಿದಳು. "ಬಂತು. ನಿಮಗೆ ಹೆಂಗೆ ಗೊತ್ತಾಯ್ತು?"

"ಮೊಣಕಾಲು ನೋಯ್ತಿತ್ತಮ್ಮ."

"ಮೊಣಕಾಲಿಗೆ ಕನೆಕ್ಷನ್ ತಗೊಂಡಿದ್ದೀರಾ ಹಾಗಾದ್ರೆ?"

ಹೆಡ್‌ಮಾಸ್ಟರು ಬೀದಿ ಸಮಿತಿಯ ಅಧ್ಯಕ್ಷರು. ಅವರನ್ನೇ ಅನುಮಾನಿಸಿದ ಮೇಲೆ ಉಳಿದವರ ಗತಿ ಕೇಳಬೇಕೆ? ಅದೇ ಬೀದಿಯ ಕಂಪೌಂಡರ್ ತನ್ನ ಹಿತ್ತಿಲ ಕಿಟಕಿಯನ್ನು ಯಾಕೆ ಸದಾ ಮುಚ್ಚಿರುತ್ತಾನೆ ಎಂಬ ಪ್ರಶ್ನೆ ಎದ್ದಿತು. ಕಂಪೌಂಡರ್ ಕೆಂಪಗಾಗಿ, ಇಸ್ತ್ರಿಯಕ್ಕನ ಮೇಜಿನ ಕೆಳಗಿರುವ ವೈರು ಏನೆಂದು ತಿರುಗಿ ಕೇಳಿದ. ಅದು ಇಸ್ತ್ರಿಪೆಟ್ಟಿಗೆಯ ವೈರು ಎಂದು ಆಕೆ ತೋರಿಸಿದರೂ ನಾಲ್ಕು ಜನ ಬಗ್ಗಿ ನೋಡಿಯೇ ನಂಬಿದರು.

ಎಲ್ಲರಿಗಿಂತ ಹೆಚ್ಚು ಹಾರಾಡಿದವನು ಹನ್ನೊಂದನೇ ನಂಬರ್ ಮನೆಯ ಕೊಡೆಯಣ್ಣ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಊರಿನ ಮುರಿದ ಛತ್ರಿಗಳನ್ನೆಲ್ಲ ರಿಪೇರಿ ಮಾಡುವುದು ಅವನ ಕಸುಬು. ಛತ್ರಿಯಣ್ಣ ಎಂದು ಕರೆದರೆ ಬೈದಂತೆ ಕೇಳಿಸುತ್ತದೆಂದು ಜನ ಮರ್ಯಾದೆಯಿಂದ ಕೊಡೆಯಣ್ಣ ಎನ್ನುತ್ತಿದ್ದರು. ಬಟ್ಟೆ ಬಿಚ್ಚಿದ ಕೊಡೆಗಳ ಅಸ್ಥಿಪಂಜರಗಳನ್ನು ಅವನು ತಾರಸಿಯ ಮೇಲೆ ತಲೆಕೆಳಗಾಗಿ ಹರಡಿ, ಎಣ್ಣೆ ಹಚ್ಚಿ ಬಿಸಿಲಿಗೆ ಇಡುತ್ತಿದ್ದ. ದೂರದಿಂದ ನೋಡಿದರೆ ಬಾವಲಿಗಳ ಮಹಾಸಮ್ಮೇಳನ ನಡೆದು, ಎಲ್ಲವೂ ಎಲುಬು ಮಾತ್ರ ಬಿಟ್ಟು ಹೋದಂತೆ ಕಾಣುತ್ತಿತ್ತು.

ಅವನ ಹಾರಾಟಕ್ಕೆ ಕಾರಣವಿತ್ತು. ಅವನ ಹೆಂಡತಿಗೆ ಮನೆಯಿಂದಲೇ ಮಾಡುವ ಒಂದು ಕೆಲಸ ಸಿಕ್ಕಿತ್ತು. ದೂರದ ಆಸ್ಪತ್ರೆಗಳ ಡಾಕ್ಟರುಗಳು ಗೊಣಗಿ ಕಳಿಸಿದ್ದನ್ನು ಕಿವಿಗೊಟ್ಟು ಕೇಳಿ, ಟೈಪು ಮಾಡಿ ವಾಪಸು ಕಳಿಸಬೇಕು. ಮನೆಯಲ್ಲಿ ಮಾತಿಗೆ ಬಿಟ್ಟರೆ ಇಂಟರ್ನೆಟ್ಟಿಗೆ ಸಾಕಾಗುವ ಸಿಗ್ನಲ್ ಇಲ್ಲದ ಕಾರಣ ಆಕೆ ದಿನಾ ಲ್ಯಾಪ್‌ಟಾಪನ್ನು ಬೆನ್ನಿಗೆ ಕಟ್ಟಿಕೊಂಡು ಬೀದಿಯ ಕೊನೆಯ ನೀರಿನ ಟ್ಯಾಂಕು ಹತ್ತುತ್ತಿದ್ದಳು. ಮೆಟ್ಟಿಲು ನೂರಾ ಹನ್ನೆರಡು. ಎಷ್ಟೋ ದಿನ ಮೋಡಗಳು ಆಕೆಯ ಮೊಣಕಾಲಿಗೆ ತಾಗಿ ದಾರಿ ಕೇಳಿದ್ದುಂಟು. ಈಗ ಕಂಪನಿಯಿಂದ ಪತ್ರ ಬಂದಿತ್ತು: ಮನೆಗೆ ಕೇಬಲ್ ಬರುತ್ತದೆ ಎಂಬ ಸರ್ಕಾರಿ ಚೀಟಿಯನ್ನು ನಾಳೆಯೊಳಗೆ ತೋರಿಸಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ.

"ಚೀಟಿ ಸಿಗದಿದ್ರೆ ಸೋಮವಾರವೇ ಗಂಟುಮೂಟೆ ಕಟ್ಟೋದು, ಅಣ್ಣನ ಮನೆಗೆ ಹೋಗೋದು," ಎಂದು ಹೆಂಡತಿ ಹಿಂದಿನ ದಿನವೇ ತೀರ್ಪು ಕೊಟ್ಟಿದ್ದಳು. "ಅಲ್ಲಿ ಇಂಟರ್ನೆಟ್ಟೂ ಇದೆ, ಮಹಡಿ ಕೋಣೆಯೂ ಖಾಲಿ ಇದೆ."

ಅಣ್ಣ, ಅಂದರೆ ಕೊಡೆಯಣ್ಣನ ಭಾವ, ಕ್ಲಾರಿನೆಟ್ ಮೇಷ್ಟ್ರು. ಬೆಳಗಿನ ಐದು ಗಂಟೆಯಿಂದ ಹನ್ನೊಂದು ಶಿಷ್ಯರಿಗೆ ಇಂಟರ್ನೆಟ್ಟಿನಲ್ಲಿ ಪಾಠ ಹೇಳುತ್ತಿದ್ದ. ಒಮ್ಮೆ ಅವನು ಮೇಲಿನ ಸ್ವರ ಹಿಡಿದಾಗ ಪಕ್ಕದ ಬೀದಿಯ ಗಡಿಯಾರ ನಿಂತು ಹೋಗಿ, ಇವತ್ತಿಗೂ ಐದೂಕಾಲನ್ನೇ ತೋರಿಸುತ್ತಿದೆ. ಆ ಮನೆಯಲ್ಲಿ ಬದುಕುವುದಕ್ಕಿಂತ ತನ್ನ ಕೊಡೆಗಳ ಜೊತೆ ತಾರಸಿಯ ಮೇಲೆ ತಲೆಕೆಳಗಾಗಿ ನೇತಾಡುವುದು ವಾಸಿ ಎಂದು ಕೊಡೆಯಣ್ಣ ತೀರ್ಮಾನಿಸಿದ್ದ.

"ಹಾಗೇ ಬಿಟ್ರೆ ಆಗಲ್ಲ," ಎಂದು ಅವನು ಕಂಬದ ಬುಡದಲ್ಲಿ ಗುಡುಗಿದ. "ಸಂಜೆ ಆ ಅಧಿಕಾರಿ ಹತ್ರ ಮನೆ ನಂಬರ್ ಇರುತ್ತಲ್ಲ? ಸಿಕ್ಕಿಬಿದ್ದವನು ಒಂದು ವರ್ಷ, ಪ್ರತಿ ಭಾನುವಾರ, ಒಬ್ಬನೇ ಈ ಬೀದಿ ಚರಂಡಿ ಗುಡಿಸ್ಬೇಕು. ಬರೀರಿ. ಸಹಿ ಹಾಕೋಣ."

"ನೀವೇ ಬರೀರಿ," ಎಂದರು ಹೆಡ್‌ಮಾಸ್ಟರು.

ಕೊಡೆಯಣ್ಣ ಬರೆದ. ಅಕ್ಷರ ಮುತ್ತಿನಂತೆ ಬಂತು. ತಪ್ಪಿತಸ್ಥನಿಗೆ ಪೊರಕೆಯನ್ನೂ ಅವನೇ ಕೊಂಡುಕೊಳ್ಳಬೇಕು ಎಂಬ ಇನ್ನೊಂದು ಸಾಲನ್ನು ಉತ್ಸಾಹದಲ್ಲಿ ಸೇರಿಸಿ, ಮೊದಲ ಸಹಿಯನ್ನೂ ತಾನೇ ಹಾಕಿದ. ಹದಿನಾಲ್ಕು ಮನೆಯವರೂ ಸಹಿ ಹಾಕಿದ ಮೇಲೆ ಹೆಡ್‌ಮಾಸ್ಟರು ಕಾಗದ ಮಡಿಸಿ ಜೇಬಿಗಿಡುತ್ತಾ ಹೇಳಿದರು:

"ಆರು ತಿಂಗಳ ಹಿಂದೆ ಫೋನ್ ಮಾಡಿ ಸರ್ವೆ ಮಾಡಿದ್ರು, ನೆನಪಿದೆಯಾ? ಮನೇಲಿ ಇಂಟರ್ನೆಟ್ ಇದೆಯಾ ಅಂತ ಕೇಳಿದ್ರು. ನಾನಂತೂ ಇಲ್ಲ ಅಂದೆ. ಯಾವನೋ 'ಇದೆ' ಅಂದಿದಾನೆ. ಅಲ್ಲಿಂದ ಬಂದಿರೋದು ಇದು."

ಕೊಡೆಯಣ್ಣನ ಕೈಯಿಂದ ಪೆನ್ನು ಜಾರಿ ಚರಂಡಿಗೆ ಬಿತ್ತು.

ಅವನಿಗೆ ಎಲ್ಲವೂ ನೆನಪಾಯಿತು. ಅವತ್ತು ಹೆಂಡತಿ ಟ್ಯಾಂಕಿನ ಮೇಲಿದ್ದಳು. ಎದುರಿಗೆ ಭಾವ ಕಾಲಿನ ಮೇಲೆ ಕಾಲು ಹಾಕಿಕೊಂಡು, ತನ್ನ ಮನೆಯ ಐವತ್ತರ ವೇಗದ ಇಂಟರ್ನೆಟ್ಟನ್ನು ಮುಕ್ಕಾಲು ಗಂಟೆಯಿಂದ ವರ್ಣಿಸುತ್ತಿದ್ದ. ಆಗ ಫೋನು ಬಂತು. ಜೇನಿನಲ್ಲಿ ಅದ್ದಿ ತೆಗೆದಂಥ ಹೆಣ್ಣುದನಿ.

"ನಿಮ್ಮ ಮನೆಯಲ್ಲಿ ಇಂಟರ್ನೆಟ್ ಇದೆಯಾ ಸರ್?"

ಕೊಡೆಯಣ್ಣ ಭಾವನ ಮುಖ ನೋಡಿದ. "ಇದೆ," ಎಂದ, ಮೂರನೇ ಮನೆಗೆ ಕೇಳುವಂತೆ.

"ವೇಗ ಎಷ್ಟು ಸರ್?"

"ನೂರು."

ಆ ನೂರು ಭಾವನ ಗಂಟಲಿನಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಪೆಟ್ಟಿಗೆ ಎಲ್ಲಿದೆ ಎಂದು ಕೇಳುವ ಚೈತನ್ಯವೂ ಉಳಿಯದೆ ಅವನು ಎದ್ದು ಹೋದವನು, ಹೊಟ್ಟೆಕಿಚ್ಚಿನಲ್ಲಿ ಆರು ತಿಂಗಳು ಇತ್ತ ಸುಳಿದಿರಲಿಲ್ಲ, ತಂಗಿಯ ಎದುರು ಆ ಸುದ್ದಿ ಎತ್ತಿಯೂ ಇರಲಿಲ್ಲ. ಅದು ತನ್ನ ಬಾಳಿನ ಅತ್ಯುತ್ತಮ ಸುಳ್ಳು ಎಂದೇ ಕೊಡೆಯಣ್ಣ ಇಷ್ಟು ದಿನ ನಂಬಿದ್ದ.

"ಯಾಕೋ ಬೆವರ್ತಿದೀಯ?" ಎಂದಳು ಇಸ್ತ್ರಿಯಕ್ಕ.

"ಬಿಸಿಲು. ಒಂದು ಅರ್ಜೆಂಟ್ ಕೊಡೆ ತಲುಪಿಸೋದಿದೆ, ಬರ್ತೀನಿ."

"ಮೋಡವೇ ಇಲ್ಲ. ಕೊಡೆ ಯಾರಿಗಪ್ಪ ಅರ್ಜೆಂಟು?" ಎಂದು ಆಕೆ ಕಂಪೌಂಡರನ ಕಡೆ ನೋಡಿದಳು. ಕಂಪೌಂಡರ್ ಹುಬ್ಬು ಏರಿಸಿದ. ಆ ಹುಬ್ಬು ಬೀದಿಯ ತುದಿ ದಾಟುವವರೆಗೆ ಕೊಡೆಯಣ್ಣನ ಬೆನ್ನಿಗೆ ಅಂಟಿಕೊಂಡೇ ಇತ್ತು.

ಯೋಜನೆಯ ಕಚೇರಿಯಲ್ಲಿ ಒಂದು ಕಿಟಕಿ, ಕಿಟಕಿಯ ಹಿಂದೆ ಒಬ್ಬ ಗುಮಾಸ್ತ, ಗುಮಾಸ್ತನ ಹಿಂದೆ ಚಾವಣಿಯವರೆಗೆ ಫೈಲುಗಳು. ಕೊಡೆಯಣ್ಣ ಪಿಸುಗುಟ್ಟಿದ: "ಸಾರ್, ನಮ್ಮ ಬೀದೀಲಿ ಒಬ್ಬರು... ನಾನಲ್ಲ, ನನ್ನ ಪರಿಚಯದವರು... ಇಲ್ಲದ ಇಂಟರ್ನೆಟ್ ಇದೆ ಅಂದ್ಬಿಟ್ಟಿದ್ದಾರೆ. ಹೊಡೆದು ಹಾಕೋಕೆ ಆಗುತ್ತಾ?"

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. ದಿನಕ್ಕೆ ನಾನೂರು ಪರಿಚಯದವರನ್ನು ಕಂಡ ನೋಟ ಅದು.

"ನಿಮ್ಮ ಪರಿಚಯದವರಿಗೆ ಎರಡು ದಾರಿ. ಹೇಳಿದ್ದು ಸುಳ್ಳು ಅಂತ ಬರೆದುಕೊಟ್ಟು, ಅದೇ ಬೀದಿಯ ಇಬ್ಬರ ಸಾಕ್ಷಿ ಸಹಿ ಹಾಕಿಸಬೇಕು. ಅದನ್ನ ನಾವು ಹದಿನೈದು ದಿನ ಕಂಬಕ್ಕೆ ಅಂಟಿಸ್ತೀವಿ."

"ಎರಡನೇದು?"

"ಸಂಪರ್ಕ ಇತ್ತು, ಈಗ ಬೇಡ ಅನ್ನೋದು. ಪೆಟ್ಟಿಗೆಯನ್ನ ತಪಾಸಣೆ ಅಧಿಕಾರಿಗೆ ಒಪ್ಪಿಸಿ ಸಹಿ ಹಾಕಿದ್ರೆ ಸಾಕು. ಬೀದಿ ಖಾಲಿ ಅಂತ ಆಗುತ್ತೆ. ಸ್ಥಳದಲ್ಲೇ ಮಂಜೂರು."

"ಪೆಟ್ಟಿಗೆ ಅಂದ್ರೆ?"

"ಇಂಟರ್ನೆಟ್ ಪೆಟ್ಟಿಗೆ. ನಿಮ್ಮ ಪರಿಚಯದವರು ನೋಡಿಲ್ಲವೋ?" ಎಂದು ಗುಮಾಸ್ತ ಕಿಟಕಿ ಮುಚ್ಚಿದ.

ಎಂದೂ ಇಲ್ಲದ ಇಂಟರ್ನೆಟ್ಟನ್ನು ವಾಪಸು ಕೊಡಲು ಎಂದೂ ಇಲ್ಲದ ಪೆಟ್ಟಿಗೆ ಬೇಕು. ಕೊಡೆಯಣ್ಣ ಕಚೇರಿಯ ಮೆಟ್ಟಿಲ ಮೇಲೆ ಕೂತು ಯೋಚಿಸಿದ. ಅವನಿಗೆ ಗೊತ್ತಿದ್ದ ಇಂಟರ್ನೆಟ್ ಪೆಟ್ಟಿಗೆ ಲೋಕದಲ್ಲಿ ಒಂದೇ ಒಂದು.

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಕೊಡೆಯಣ್ಣ ತಾನಾಗಿಯೇ ಭಾವನ ಮನೆಯ ಗಂಟೆ ಒತ್ತಿದ್ದು ಅದೇ ಮೊದಲು. ಒಳಗಿನಿಂದ ಕ್ಲಾರಿನೆಟ್ಟಿನ ದನಿ, ಬಾಲ ತುಳಿಸಿಕೊಂಡ ಬೆಕ್ಕಿನಂತೆ, ಬಾಗಿಲವರೆಗೆ ಓಡಿ ಬಂದು ನಿಂತಿತು. ಭಾವ ಬಾಗಿಲು ತೆರೆದ.

"ಏನಪ್ಪ, ದಾರಿ ತಪ್ಪಿತಾ?"

"ಭಾವ, ಒಂದು ಸಣ್ಣ ಉಪಕಾರ. ನಮ್ಮ ಇಂಟರ್ನೆಟ್ ಕೆಟ್ಟಿದೆ. ಪೆಟ್ಟಿಗೆ ಕೆಟ್ಟಿದೆಯೋ ಲೈನ್ ಕೆಟ್ಟಿದೆಯೋ ಗೊತ್ತಾಗ್ತಿಲ್ಲ. ನಿಮ್ಮ ಪೆಟ್ಟಿಗೆ ಹಾಕಿ ನೋಡ್ಬೇಕಿತ್ತು."

ಭಾವನ ಮುಖದಲ್ಲಿ ಆರು ತಿಂಗಳ ಮೋಡ ಕರಗಿ ಬಿಸಿಲು ಬಿತ್ತು. ಗಂಟಲಿನ ಮುಳ್ಳು ಜಾರಿ ಹೊಟ್ಟೆಗಿಳಿದದ್ದು ಕಣ್ಣಿಗೇ ಕಾಣಿಸಿತು.

"ಕೆಟ್ಟಿದೆಯಾ? ನೂರು ಕೆಟ್ಟಿದೆಯಾ?" ಅವನು ಕೊಡೆಯಣ್ಣನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. "ನಾನು ಅವತ್ತೇ ಅಂದ್ಕೊಂಡೆ. ಅಷ್ಟು ವೇಗ ಒಳ್ಳೇದಲ್ಲ. ನಮ್ಮ ಐವತ್ತು ನೋಡು, ಒಂದು ದಿನ ಕೆಮ್ಮಿಲ್ಲ."

ಪೆಟ್ಟಿಗೆ ಗಾಜಿನ ಕಪಾಟಿನಲ್ಲಿ, ಕಸೂತಿ ಬಟ್ಟೆಯ ಮೇಲೆ, ನಾಲ್ಕು ಕೊಂಬು ನಿಗುರಿಸಿಕೊಂಡು ಕೂತಿತ್ತು. ಭಾವ ಅದನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸನ್ನು ಕೊಡುವವನಂತೆ ಎರಡೂ ಕೈಯಲ್ಲಿ ಕೊಟ್ಟ.

"ಕೊಂಬು ಮೇಲೆ ಇರ್ಲಿ. ಮಲಗಿಸ್ಬೇಡ. ರಾತ್ರಿಯೊಳಗೆ ತಂದ್ಬಿಡು, ಬೆಳಿಗ್ಗೆ ಐದಕ್ಕೆ ಪಾಠ ಇದೆ."

"ಇವತ್ತೇ ತರ್ತೀನಿ ಭಾವ," ಎಂದ ಕೊಡೆಯಣ್ಣ. ಹೊಸ ಪೆಟ್ಟಿಗೆಯೊಂದನ್ನು ಆಮೇಲೆ ಎಲ್ಲಿಂದಾದರೂ ಹುಡುಕಿ ಈ ಕಪಾಟಿಗೆ ಸೇರಿಸಿದರಾಯಿತು ಎಂದುಕೊಂಡ. ಪೆಟ್ಟಿಗೆಗಳೆಲ್ಲ ಒಂದೇ, ಕೊಡೆಗಳ ಹಾಗೆ, ಎಂಬುದು ಅವನ ತಿಳುವಳಿಕೆ.

ದಾರಿಯಲ್ಲಿ ಒಂದು ಮರದ ಮರೆಗೆ ನಿಂತು ಅವನು, ಅರ್ಜೆಂಟ್ ಕೊಡೆಯ ನೆಪಕ್ಕೆ ತಂದಿದ್ದ ಚೀಲದಿಂದ ತನ್ನ ಅತಿ ದೊಡ್ಡ ಕರಿ ಕೊಡೆಯನ್ನು ತೆಗೆದ. ಪೆಟ್ಟಿಗೆಯನ್ನು ಅದರ ಒಳಗೆ, ಕಡ್ಡಿಗಳ ನಡುವೆ ಕಟ್ಟಿದ. ಕೊಂಬು ಯಾವುದು, ಕಡ್ಡಿ ಯಾವುದು ಎಂದು ಕೊಡೆ ಮಾಡಿದವನಿಗೂ ಗೊತ್ತಾಗುವಂತಿರಲಿಲ್ಲ. ಅಧಿಕಾರಿಯನ್ನು ಬೀದಿಯ ತುದಿಯಲ್ಲೇ ಹಿಡಿದು, ಯಾರಿಗೂ ಕಾಣದ ಹಾಗೆ ಒಪ್ಪಿಸಿ ಕೈ ತೊಳೆದುಕೊಳ್ಳುವುದೆಂದು ಯೋಜನೆ ಹಾಕಿ, ಅರೆ ಮಡಿಚಿದ ಕೊಡೆಯನ್ನು ಎದೆಗವಚಿಕೊಂಡು ನಡೆದ. ಬಸುರಿ ಬಾವಲಿಯೊಂದನ್ನು ಆಸ್ಪತ್ರೆಗೆ ಒಯ್ಯುತ್ತಿರುವಂತೆ ಕಾಣುತ್ತಿದ್ದ.

ಇತ್ತ ಬೀದಿಯಲ್ಲಿ ಅನುಮಾನ ಮಧ್ಯಾಹ್ನದ ಹೊತ್ತಿಗೆ ಕುದಿಯತೊಡಗಿತ್ತು. ಸಮಿತಿಯವರು ಮನೆಮನೆ ಶೋಧನೆಗೆ ಹೊರಟಿದ್ದರು. ಕಂಪೌಂಡರನ ಮುಚ್ಚಿದ ಕಿಟಕಿಯ ಹಿಂದೆ ಕೂದಲು ಬೆಳೆಸುವ ಎಣ್ಣೆಯ ಇಪ್ಪತ್ತೆರಡು ಸೀಸೆ ಸಿಕ್ಕಿದವು. ಹೆಡ್‌ಮಾಸ್ಟರರ ಟ್ರಂಕಿನಲ್ಲಿ ಮೂವತ್ತು ವರ್ಷ ಮಕ್ಕಳಿಂದ ಕಿತ್ತುಕೊಂಡ ಗೋಲಿಗಳು ಸಿಕ್ಕಿದವು. ಬಣ್ಣದ ಪ್ರಕಾರ ಬೇರೆಬೇರೆ ಡಬ್ಬಿ. ಇಂಟರ್ನೆಟ್ ಮಾತ್ರ ಎಲ್ಲಿಯೂ ಇಲ್ಲ. ಕೊನೆಗೆ ಉಳಿದದ್ದು ಹನ್ನೊಂದನೇ ನಂಬರು.

ಕೊಡೆಯಣ್ಣ ಬೀದಿಗೆ ಕಾಲಿಟ್ಟಾಗ ಇಡೀ ಬೀದಿ ಅವನ ಮನೆಯ ಮುಂದೆ ನಿಂತಿತ್ತು. ಕಂಪೌಂಡರ್ ತಾರಸಿಯ ಮೇಲಿದ್ದ.

"ಡಿಶ್ಶುಗಳು," ಎಂದು ಅವನು ಮೇಲಿನಿಂದ ಕೊಡೆಯ ಅಸ್ಥಿಪಂಜರವೊಂದನ್ನು ಎತ್ತಿ ತೋರಿಸಿದ. "ಒಂದಲ್ಲ, ನಲವತ್ತು. ಎಲ್ಲ ಆಕಾಶಕ್ಕೆ ಮುಖ ಮಾಡಿವೆ."

"ಅಯ್ಯೋ, ಅವು ಕೊಡೆ ಕಣಯ್ಯ," ಎಂದ ಕೊಡೆಯಣ್ಣ.

"ಕೊಡೆ ಅಂದ್ರೆ ಕೆಳಗೆ ಮುಖ ಮಾಡಿರುತ್ತೆ," ಎಂದು ಹೆಡ್‌ಮಾಸ್ಟರು ಪಾಠ ಹೇಳಿದರು. "ಇವು ಮೇಲಿಂದ ಏನನ್ನೋ ಹಿಡೀತಿವೆ."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಆಕೆಯ ಕೈಯಲ್ಲಿ ಫೋನಿತ್ತು. "ಟ್ಯಾಂಕಿನ ಮೇಲಿದ್ದಾಗ ಅತ್ತಿಗೆ ಫೋನ್ ಮಾಡಿದ್ರು. ನೀವು ಅಣ್ಣನ ಮನೆಗೆ ಹೋಗಿದ್ರಂತೆ. ನೀವಾಗಿ ನೀವೇ. ಏನು ನಡೀತಿದೆ ಇಲ್ಲಿ?"

ಇಸ್ತ್ರಿಯಕ್ಕ ಮಾತ್ರ ಕೊಡೆಯನ್ನೇ ನೋಡುತ್ತಿದ್ದಳು. ಬಟ್ಟೆಯೊಳಗೆ ಏನು ಮಡಿಚಿಟ್ಟರೂ ಆಕೆಗೆ ಗೊತ್ತಾಗುತ್ತಿತ್ತು.

"ಆ ಕೊಡೆ ಬಿಚ್ಚು," ಎಂದಳು.

"ಕೆಟ್ಟಿದೆ ಅಕ್ಕ."

"ಬಿಚ್ಚು ಅಂದೆ."

ಅವನು ಬಿಚ್ಚಬೇಕಾಗಲಿಲ್ಲ. ಬೆರಳು ಜಾರಿ ಗುಂಡಿ ಅದುಮಿತು, ಕೊಡೆ ತಾನೇ ಫಟ್ಟನೆ ಅರಳಿತು. ನಡುವೆ ನಾಲ್ಕು ಕೊಂಬಿನ ಪೆಟ್ಟಿಗೆ ತೊಟ್ಟಿಲಿನಂತೆ ತೂಗಾಡಿತು. ಆಮೇಲಿನ ಮೌನದಲ್ಲಿ, ನಾಲ್ಕು ಬೀದಿ ಆಚೆ ಒಂದು ಇರುವೆ ಕಾಲು ಜಾರಿದ್ದೂ ಕೇಳಿಸಿತು.

ಅದೇ ಹೊತ್ತಿಗೆ ಸ್ಕೂಟರೊಂದು ಬಂದು ನಿಂತಿತು. ಕನ್ನಡಕ ಹಾಕಿದ, ಕೈಯಲ್ಲಿ ಹಲಗೆಯಂಥ ಯಂತ್ರ ಹಿಡಿದ ಹೆಣ್ಣುಮಗಳೊಬ್ಬಳು ಇಳಿದಳು.

"ಹನ್ನೊಂದನೇ ನಂಬರ್ ಯಾರದು?"

ಜೇನಿನಲ್ಲಿ ಅದ್ದಿ ತೆಗೆದ ಅದೇ ದನಿ. ಕೊಡೆಯಣ್ಣನ ಬೆನ್ನುಹುರಿ ಕೊಡೆಯಂತೆ ಮಡಿಚಿಕೊಂಡಿತು. ಗುರುತು ಸಿಗದಿರಲೆಂದು ದಪ್ಪ ದನಿಯಲ್ಲಿ, "ನಂದು," ಎಂದ.

"ನೂರರ ವೇಗ ಅಂದಿದ್ರಲ್ಲ, ನೀವೇ ತಾನೆ? ಅವತ್ತು ಎಷ್ಟು ಜೋರಾಗಿ ಹೇಳಿದ್ರಿ ಸರ್, ಮೂರು ದಿನ ಕಿವಿ ಗುಂಯ್ ಅಂತಿತ್ತು."

ನೂರು ಎಂಬ ಮಾತು ಗುಂಪಿನಲ್ಲಿ ಬಾಯಿಂದ ಬಾಯಿಗೆ ಹೋಗಿ, ಕೊನೆಯವನನ್ನು ತಲುಪುವಷ್ಟರಲ್ಲಿ ಸಾವಿರವಾಗಿತ್ತು. ಹೆಡ್‌ಮಾಸ್ಟರು ಜೇಬಿನಿಂದ ಸಹಿಯ ಕಾಗದ ತೆಗೆದು, ಧೂಳು ಇಲ್ಲದಿದ್ದರೂ ಕೊಡವಿ, ಚರಂಡಿಯ ಶಿಕ್ಷೆಯನ್ನು ಅಧಿಕಾರಿಗೂ ಕೇಳುವಂತೆ ಓದಿದರು.

ಕೊಡೆಯಣ್ಣ ಆ ಕಡೆ ನೋಡಿದ, ಈ ಕಡೆ ನೋಡಿದ. ನಿಜ ಹೇಳಿದರೆ, ಎರವಲು ಪೆಟ್ಟಿಗೆ ಎಂದು ಅಧಿಕಾರಿಗೆ ಗೊತ್ತಾಗಿ ಬೀದಿಯ ಕೇಬಲ್ ಹೋಯಿತು, ಹೆಂಡತಿಯ ಚೀಟಿ ಹೋಯಿತು, ಸೋಮವಾರ ಮಹಡಿ ಕೋಣೆಯಲ್ಲಿ ಐದು ಗಂಟೆಗೆ ಕ್ಲಾರಿನೆಟ್. ಸುಳ್ಳು ಹೇಳಿದರೆ, ತಾನು ಮಾಡದ ಕಳ್ಳತನವನ್ನು ತಾನೇ ಒಪ್ಪಿಕೊಂಡಂತೆ. ಅವನು ಕಣ್ಣು ಮುಚ್ಚಿಕೊಂಡ.

"ಹೌದು ಮೇಡಂ. ಇತ್ತು. ಆರು ತಿಂಗಳು ಕದ್ದುಮುಚ್ಚಿ ಇಟ್ಕೊಂಡಿದ್ದೆ. ಈಗ ಬೇಡ. ಪೆಟ್ಟಿಗೆ ತಗೊಳ್ಳಿ."

"ಲೈನ್ ಯಾವ ಕಡೆಯಿಂದ ಬಂದಿತ್ತು? ವೈರ್ ಕಾಣಲ್ಲ."

"ಡಿಶ್ಶು ಮೇಡಂ," ಎಂದು ಕಂಪೌಂಡರ್ ತಾರಸಿಯಿಂದ ಉತ್ಸಾಹದಲ್ಲಿ ಕೂಗಿದ. "ನಲವತ್ತು."

ಅಧಿಕಾರಿ ತಲೆಯೆತ್ತಿ ನೋಡಿ, ಏನೋ ಬರೆದುಕೊಂಡಳು. ಹೆಂಡತಿ ಮೆಟ್ಟಿಲಿಳಿದು ಬಂದಳು. ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಮನೇಲಿ ಇಂಟರ್ನೆಟ್ ಇಟ್ಕೊಂಡು," ಎಂದಳು ಮೆಲ್ಲಗೆ, "ನನ್ನನ್ನ ದಿನಾ ಟ್ಯಾಂಕ್ ಹತ್ತಿಸ್ತಿದ್ರಿ. ಹತ್ತೋವಾಗ ಕೆಳಗೆ ನಿಂತು ಹುಷಾರು ಅಂತ ಬೇರೆ ಹೇಳ್ತಿದ್ರಿ."

ಕೊಡೆಯಣ್ಣ ಬಾಯಿ ತೆರೆದ. ಅಧಿಕಾರಿ ಅವನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದ.

ಅಧಿಕಾರಿ ಪೆಟ್ಟಿಗೆಯನ್ನು ಮಗುಚಿ, ತಳದ ಚೀಟಿಯಲ್ಲಿದ್ದ ನಂಬರಿಗೆ ಯಂತ್ರ ಹಿಡಿದಳು. ಯಂತ್ರ ಕೇಳುತ್ತಿದ್ದದ್ದು ನಂಬರನ್ನು ಮಾತ್ರ, ಹೆಸರನ್ನಲ್ಲ. ಸಿಗ್ನಲ್ ಇರಲಿಲ್ಲ. ಎಡಕ್ಕೆ ನಡೆದಳು, ಬಲಕ್ಕೆ ನಡೆದಳು, ಕೊನೆಗೆ ಇಸ್ತ್ರಿಯಕ್ಕನ ಮೇಜು ಹತ್ತಿ, ಹಲಗೆಯನ್ನು ಆಕಾಶಕ್ಕೆತ್ತಿ ತುದಿಗಾಲಲ್ಲಿ ನಿಂತಳು. ಅರ್ಧ ಗಂಟೆಯ ತಪಸ್ಸಿನ ನಂತರ ಯಂತ್ರ ಟಿಂಗ್ ಎಂದಿತು.

"ಈ ಪೆಟ್ಟಿಗೆಯ ಸಂಪರ್ಕ ರದ್ದಾಯ್ತು. ಬೀದಿ ಖಾಲಿ. ಕೇಬಲ್ ಮಂಜೂರು, ಮೂರು ತಿಂಗಳಲ್ಲಿ ಎಳೀತಾರೆ," ಎಂದು ಆಕೆ ಮೇಜಿನಿಂದಿಳಿದು, ಚೀಟಿಯೊಂದನ್ನು ಹರಿದು ಹೆಂಡತಿಯ ಕೈಗೆ ಕೊಟ್ಟಳು. "ಒಂದು ವಿಷಯ. ಮಧ್ಯೆ ಮಧ್ಯೆ ಹೇಳದೆ ಬಂದು ನೋಡ್ತಿರ್ತೀನಿ. ಏನಾದ್ರೂ ಮೋಸ ಕಂಡ್ರೆ ಮಂಜೂರಾತಿ ವಾಪಸು."

ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಅಧಿಕಾರಿ ಹೊರಟುಹೋದಳು. ಬೀದಿಗೆ ಬೀದಿಯೇ ಕುಣಿಯಿತು. ಕೊಡೆಯಣ್ಣನ ಜೊತೆ ಮಾತ್ರ ಒಬ್ಬರೂ ಮಾತಾಡಲಿಲ್ಲ. ಅವನು ಖಾಲಿ ಕೊಡೆಯನ್ನು ಮಡಿಚಿ ತನ್ನ ಮೆಟ್ಟಿಲ ಮೇಲೆ ಕೂತ. ಅವಮಾನವಾದರೂ ಸರಿಯೇ, ಕ್ಲಾರಿನೆಟ್ ತಪ್ಪಿತಲ್ಲ ಎಂಬ ಸಣ್ಣ ಸುಖ ಎದೆಯ ಮೂಲೆಯಲ್ಲಿ ಬೆಚ್ಚಗೆ ಕೂತಿತ್ತು.

ಆರು ಗಂಟೆಗೆ ಆಟೋ ಒಂದು ಬಂದು ಆ ಸುಖದ ಮೇಲೆಯೇ ನಿಂತಿತು.

ಅದರಿಂದ ಮೊದಲು ಒಂದು ಹಾಸಿಗೆ ಸುರುಳಿ ಇಳಿಯಿತು. ಆಮೇಲೆ ಎರಡು ಸೂಟ್‌ಕೇಸು, ಮ್ಯೂಸಿಕ್ ಸ್ಟ್ಯಾಂಡು, ಕೊನೆಗೆ ಕ್ಲಾರಿನೆಟ್ಟಿನ ಉದ್ದ ಡಬ್ಬಿ ಹಿಡಿದ ಭಾವ.

"ಅನ್ಯಾಯ ನೋಡಪ್ಪ," ಎಂದು ಅವನು ಫೋನು ಚಾಚಿದ. "'ನಿಮ್ಮ ಇಚ್ಛೆಯಂತೆ ಸಂಪರ್ಕ ರದ್ದಾಗಿದೆ. ಎರಡು ವರ್ಷ ಹೊಸ ಸಂಪರ್ಕ ಕೊಡಲಾಗುವುದಿಲ್ಲ.' ಸರ್ಕಾರಿ ಇಂಟರ್ನೆಟ್ ಯೋಜನೆ ಆಫೀಸಿಂದ ಬಂದಿದೆ. ನನ್ನ ಇಚ್ಛೆ ಯಾವಾಗ ಕೇಳಿದ್ರು ಇವರು? ಪುಣ್ಯಕ್ಕೆ ಪೆಟ್ಟಿಗೆ ನಿನ್ನ ಹತ್ರ ಇತ್ತು, ಇಲ್ಲಾಂದ್ರೆ ಅದನ್ನೂ ಹೊತ್ಕೊಂಡು ಹೋಗ್ತಿದ್ರು. ನಾಳೆ ಬೆಳಿಗ್ಗೆ ಈ ಯೋಜನೆ ಆಫೀಸಿಗೇ ಹೋಗಿ ವಿಚಾರಿಸ್ತೀನಿ."

ಇಸ್ತ್ರಿಯಕ್ಕನ ಕೈ ಅಂಗಿಯ ಮೇಲೆ ನಿಂತಿತು. ಹೊಗೆ ಬಂದರೂ ಏಳಲಿಲ್ಲ.

"ಪೆಟ್ಟಿಗೆ ನಿಮ್ಮದಾ? ನಾಲ್ಕು ಕೊಂಬಿಂದು?"

"ಹೌದಮ್ಮ, ನೋಡಿದ್ರಾ?"

ಹೆಡ್‌ಮಾಸ್ಟರು ಕಂಪೌಂಡರನ ಮುಖ ನೋಡಿದರು, ಕಂಪೌಂಡರ್ ಇಸ್ತ್ರಿಯಕ್ಕನ ಮುಖ ನೋಡಿದ. ಕೊಡೆಯಣ್ಣ ಕಳ್ಳನಲ್ಲ, ಬರೀ ಸುಳ್ಳ ಎಂಬುದು ಎಲ್ಲರಿಗೂ ಒಂದೇ ಏಟಿಗೆ ಹೊಳೆಯಿತು. ಈ ಮನುಷ್ಯ ನಾಳೆ ಆ ಕಚೇರಿಯ ಕಿಟಕಿಗೆ ಹೋದರೆ ಕೇಬಲ್ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ ಎಂಬುದೂ ಹೊಳೆಯಿತು. ಬೆಳಿಗ್ಗೆ ಏಳೂ ಹತ್ತರಿಂದ ಒಬ್ಬರನ್ನೊಬ್ಬರು ನಂಬದಿದ್ದ ಹದಿನಾಲ್ಕು ಮನೆಯವರು ಆ ಕ್ಷಣ ಒಂದೇ ಮನೆಯವರಾದರು.

"ಯಾವ ಪೆಟ್ಟಿಗೆ? ನಾವ್ಯಾರೂ ನೋಡಿಲ್ಲ," ಎಂದರು ಹೆಡ್‌ಮಾಸ್ಟರು. "ಮೇಷ್ಟ್ರೇ, ಆಫೀಸು ಗೀಫೀಸು ಅಂತ ಯಾಕೆ ಅಲೀತೀರ? ಕ್ಯೂನಲ್ಲಿ ನಿಂತ್ರೆ ಉಸಿರು ಕೆಡುತ್ತೆ, ಊದೋರಿಗೆ ಉಸಿರು ಮುಖ್ಯ. ಎರಡು ವರ್ಷ ಇಲ್ಲೇ ಆರಾಮವಾಗಿರಿ."

"ಅದಕ್ಕೇ ಅಲ್ವಾ ಬಂದಿರೋದು," ಎಂದ ಭಾವ. "ಇವನ ಮನೇಲಿ ನೂರಿದೆ."

"ಇದೆ ಇದೆ," ಎಂದಿತು ಇಡೀ ಬೀದಿ. "ಸ್ವಲ್ಪ ರಿಪೇರಿಯಲ್ಲಿದೆ. ಮೂರು ತಿಂಗಳಲ್ಲಿ ಸರಿಹೋಗುತ್ತೆ."

"ಅಲ್ಲೀವರೆಗೆ ಶಿಷ್ಯರ ಗತಿ?"

"ಟ್ಯಾಂಕ್ ಇದೆಯಲ್ಲ ಮೇಷ್ಟ್ರೇ. ನೂರಾ ಹನ್ನೆರಡೇ ಮೆಟ್ಟಿಲು," ಎಂದಳು ಇಸ್ತ್ರಿಯಕ್ಕ. "ಸಾಧನೆಗೆ ಮನೆ, ಪಾಠಕ್ಕೆ ಟ್ಯಾಂಕು."

"ಸಾಧನೆ ನಾಲ್ಕಕ್ಕೇ ಶುರು ಮಾಡ್ತೀನಿ ಹಾಗಾದ್ರೆ," ಎಂದು ಭಾವ ಒಪ್ಪಿದ.

ಕೊಡೆಯಣ್ಣ ಎದ್ದು ನಿಂತ. ದಿನದಲ್ಲಿ ಮೊದಲ ಬಾರಿ ಒಂದು ನಿಜ ಹೇಳಬೇಕೆಂದು ಅವನಿಗೆ ಆಸೆಯಾಯಿತು. "ಭಾವ, ನಮ್ಮ ಮನೇಲಿ ಯಾವತ್ತೂ..." ಎನ್ನುವಷ್ಟರಲ್ಲಿ ಕಂಪೌಂಡರ್ ಹಾಸಿಗೆ ಸುರುಳಿಯನ್ನು ತಂದು ಅವನ ಎದೆಗೆ ಒತ್ತಿದ. ಸೂಟ್‌ಕೇಸುಗಳು ಕೈಯಿಂದ ಕೈಗೆ ಹಾರಿ ಒಳಗೆ ಹೋದವು.

ಹೆಂಡತಿ ಬಾಗಿಲಲ್ಲಿ ಚೀಟಿ ಹಿಡಿದು ನಿಂತಿದ್ದಳು. ಸಂಜೆಯಿಂದ ಮೊದಲ ಸಲ ಆಕೆಯ ತುಟಿಯ ಮೂಲೆ ಅಲುಗಿತು.

"ಅಣ್ಣನ ಮನೆಗೆ ಹೋಗಲ್ಲ ಅಂತ ಹಟ ಹಿಡಿದಿದ್ರಲ್ಲ," ಎಂದಳು. "ಹೋಗೋದು ತಪ್ಪಿತು ಬಿಡಿ."

ಹೆಡ್‌ಮಾಸ್ಟರು ಕೊಡೆಯಣ್ಣನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದರು. ದನಿ ತಗ್ಗಿಸಿ, "ನಿನ್ನ ತಪ್ಪಿಲ್ಲ ಅಂತ ನಮಗೆಲ್ಲ ಗೊತ್ತಾಯ್ತಪ್ಪ," ಎಂದರು.

ಕೊಡೆಯಣ್ಣನ ಕಣ್ಣು ತುಂಬಿತು. "ಹಾಗಾದ್ರೆ ಆ ಸಹಿ ಕಾಗದ ಹರಿದು ಹಾಕ್ತೀರಾ ಸಾರ್?"

"ಛೆ, ಹರಿಯೋಕಾಗುತ್ತಾ? ಆಯಮ್ಮ ಹೇಳದೆ ಬರ್ತೀನಿ ಅಂದಿದ್ದಾಳಲ್ಲ. ಭಾನುವಾರ ಬಂದಾಗ ಚರಂಡಿ ಗುಡಿಸೋರು ಯಾರೂ ಕಾಣದಿದ್ರೆ, ಕಳ್ಳ ನಿಜವಾಗ್ಲೂ ಇದ್ನಾ ಅಂತ ಅವಳಿಗೆ ಅನುಮಾನ ಬರಲ್ವಾ?" ಎಂದು ಹೆಡ್‌ಮಾಸ್ಟರು ಕಾಗದವನ್ನು ಮತ್ತೆ ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡರು. "ಪೊರಕೆ ಅಂಗಡಿ ಎಂಟರವರೆಗೆ ತೆಗೆದಿರುತ್ತೆ, ಹೋಗ್ಬಾ."